ಬೆನ್ನುಮೂಳೆಯ ಎಳೆತ ಚಿಕಿತ್ಸೆ

ಸೊಂಟ ಅಥವಾ ಕುತ್ತಿಗೆಯ ನೋವಿಗೆ ಶಸ್ತ್ರಕ್ರಿಯೆಯಿಲ್ಲದೆ, ಬೆನ್ನುಮೂಳೆಯನ್ನು ಉದ್ದಕ್ಕೆ ಎಳೆದು ಕಶೇರುಗಳ ನಡುವಿನ ಒತ್ತಡ ತಗ್ಗಿಸುವ ವಿಧಾನ. ಆಸ್ಪತ್ರೆಗಳಲ್ಲಿ ಟ್ರ್ಯಾಕ್ಷನ್ ಎಂದೇ ರೂಢಿ. ಕಂಪ್ಯೂಟರ್ ನಿಯಂತ್ರಿತ ಮೇಜಿನ ಮೇಲೆ ನಡೆಯುವ ಈಚಿನ ರೂಪಕ್ಕೆ ಸ್ಪೈನಲ್ ಡಿಕಂಪ್ರೆಷನ್ ಎಂಬ ಹೆಸರಿದೆ. ಎಳೆಯುವ ತತ್ತ್ವ ಎರಡು ಸಾವಿರ ವರ್ಷಗಳಿಗೂ ಹಳೆಯದು. ಏಕೆ ಎಳೆಯಬೇಕು ಎಂಬುದಕ್ಕೆ ಕೊಟ್ಟ ಕಾರಣಗಳು ಮಾತ್ರ ಕಾಲಕಾಲಕ್ಕೆ ಬದಲಾಗಿವೆ.

ಗ್ರೀಕ್ ವೈದ್ಯ ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ, ಕೀಲುಗಳನ್ನು ಕುರಿತ ಗ್ರಂಥದಲ್ಲಿ ಗೂನುಬೆನ್ನು ತಿದ್ದುವ ಎರಡು ಕ್ರಮಗಳ ವಿವರಣೆಯಿದೆ. ಒಂದರಲ್ಲಿ ರೋಗಿಯನ್ನು ಏಣಿಗೆ ಕಟ್ಟಿ ಎತ್ತರದಿಂದ ಕುಲುಕಿ ಇಳಿಸುತ್ತಿದ್ದರು. ಜನರನ್ನು ಬೆರಗುಗೊಳಿಸಲು ಇದನ್ನು ಮಾಡುವ ವೈದ್ಯರನ್ನು ಗ್ರಂಥ ಟೀಕಿಸುತ್ತದೆ. ಇನ್ನೊಂದರಲ್ಲಿ ಹಲಗೆಯ ಮೇಲೆ ಬೋರಲಾಗಿ ಮಲಗಿಸಿ, ತಲೆ ಮತ್ತು ಕಾಲಿನ ಕಡೆಯಿಂದ ಎಳೆಯುತ್ತಲೇ ಗೂನನ್ನು ಒತ್ತುತ್ತಿದ್ದರು. ಈ ಹಲಗೆಯ ಪರಂಪರೆ ಅರಬ್ ವೈದ್ಯರ ಮೂಲಕ ಮುಂದುವರಿಯಿತು. 1465ರಲ್ಲಿ ಅಮಾಸ್ಯದ ಶೆರಫೆದ್ದೀನ್ ಸಬುಂಜುಒಗ್ಲು ತನ್ನ ಸಚಿತ್ರ ಶಸ್ತ್ರವೈದ್ಯ ಗ್ರಂಥದಲ್ಲಿ ಇದನ್ನು ಸೇರಿಸಿದ. ಭಾಗವತದಲ್ಲಿ ಕೃಷ್ಣನು ತ್ರಿವಕ್ರೆಯ ಪಾದಗಳನ್ನು ಮೆಟ್ಟಿ, ಗಲ್ಲವನ್ನೆತ್ತಿ ಗೂನು ತಿದ್ದಿದ ಪ್ರಸಂಗವನ್ನೂ ಇತಿಹಾಸಕಾರರು ನೆನೆಯುವುದುಂಟು. ಅದು ಪುರಾಣಕಥೆ, ಚಿಕಿತ್ಸೆಯ ದಾಖಲೆಯಲ್ಲ.

1650ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ ರಿಕೆಟ್ಸ್ ಪೀಡಿತ ಮಕ್ಕಳನ್ನು ತೂಗುಪಟ್ಟಿಯಲ್ಲಿ ನೇತುಹಾಕುವ ಕ್ರಮವನ್ನು ವಿವರಿಸಿದ. 1870ರ ದಶಕದಲ್ಲಿ ನ್ಯೂಯಾರ್ಕಿನ ಲೂಯಿಸ್ ಸೇಯರ್ ರೋಗಿಯನ್ನು ತೂಗುಹಾಕಿಯೇ ಮುಂಡಕ್ಕೆ ಪ್ಲಾಸ್ಟರ್ ಕವಚ ಹಾಕುತ್ತಿದ್ದ. ಹೀಗೆ ತೂಗಿದಾಗ ನರರೋಗಿಯೊಬ್ಬನ ನೋವು ಇಳಿದದ್ದನ್ನು ಒಡೆಸ್ಸಾದ ವೈದ್ಯ ಮೊಚುಕೋವ್‌ಸ್ಕಿ ಗಮನಿಸಿದ. 1889ರಲ್ಲಿ ಪ್ಯಾರಿಸಿನ ನರವೈದ್ಯ ಶಾರ್ಕೊ ಇದನ್ನು ಕೈಗೆತ್ತಿಕೊಂಡ ಮೇಲೆ ಯುರೋಪಿನಾದ್ಯಂತ ಹಬ್ಬಿತು. ಕೆಲವೇ ವರ್ಷಗಳಲ್ಲಿ ಮೂಲೆಗುಂಪಾಯಿತು.

ಕಶೇರುಗಳ ನಡುವಿನ ಮೆತ್ತೆಯಾದ ಡಿಸ್ಕ್ ಜಾರಿ ನರವನ್ನು ಒತ್ತುವುದರಿಂದ ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನೋವು) ಬರುತ್ತದೆಂದು 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ತೋರಿಸಿದರು. ಇದರಿಂದ ಶಸ್ತ್ರಕ್ರಿಯೆಯ ದಾರಿ ತೆರೆಯಿತು. ಎಳೆತಕ್ಕೂ ಹೊಸ ಸಮರ್ಥನೆ ದೊರೆಯಿತು. ಕಶೇರುಗಳ ನಡುವೆ ಜಾಗವಾದರೆ ಉಬ್ಬಿದ ಡಿಸ್ಕ್ ಒಳಸರಿಯುತ್ತದೆಂಬ ವಾದವನ್ನು ಲಂಡನ್ನಿನ ಜೇಮ್ಸ್ ಸಿರಿಯಾಕ್ಸ್ ಪ್ರಚಾರಕ್ಕೆ ತಂದ. ಮಲಗಿದ ದೇಹ ಹಾಸಿಗೆಗೆ ಉಜ್ಜಿ ಎಳೆತದ ಬಲ ಪೋಲಾಗುತ್ತಿದ್ದುದರಿಂದ, ನಡುವೆ ಸರಿದು ಬೇರ್ಪಡುವ ಎರಡು ಭಾಗಗಳ ಮೇಜು 1950ರ ದಶಕದಲ್ಲಿ ಬಳಕೆಗೆ ಬಂತು.

ಕೆನಡಾದ ಅಲನ್ ಡೈಯರ್ ರೂಪಿಸಿದ ವ್ಯಾಕ್ಸ್-ಡಿ ಯಂತ್ರದಿಂದ 1990ರ ದಶಕದಲ್ಲಿ ಡಿಕಂಪ್ರೆಷನ್ ಯುಗ ಆರಂಭವಾಯಿತು. ಎಳೆತಕ್ಕೆ ಸ್ನಾಯುಗಳು ಬಿಗಿದುಕೊಳ್ಳದಂತೆ ಬಲವನ್ನು ಮೆಲ್ಲಗೆ ಏರಿಸಿ ಇಳಿಸುವುದು ಇದರ ವಿಶೇಷ. 1994ರಲ್ಲಿ ರಾಮೋಸ್ ಮತ್ತು ಮಾರ್ಟಿನ್ ಬೆರಳೆಣಿಕೆಯ ರೋಗಿಗಳಲ್ಲಿ ಡಿಸ್ಕಿನೊಳಗಿನ ಒತ್ತಡ ಸೊನ್ನೆಗಿಂತ ಕೆಳಗಿಳಿದದ್ದನ್ನು ಅಳೆದರು. ತಯಾರಕರು ಇದನ್ನೇ ಮುಂದಿಟ್ಟರು. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಯಂತ್ರಗಳನ್ನು ವಿದ್ಯುತ್ ಚಾಲಿತ ಟ್ರ್ಯಾಕ್ಷನ್ ಸಾಧನಗಳ ವರ್ಗದಲ್ಲೇ ಇರಿಸಿದೆ. ಅಲ್ಲಿನ ಮೆಡಿಕೇರ್ ವಿಮೆ 1997ರಲ್ಲಿ ವ್ಯಾಕ್ಸ್-ಡಿ ವೆಚ್ಚ ಭರಿಸಲು ಒಪ್ಪಲಿಲ್ಲ.

ಒತ್ತಡ ಇಳಿಯುವುದಕ್ಕೂ ನೋವು ವಾಸಿಯಾಗುವುದಕ್ಕೂ ಇರುವ ಅಂತರ ಪ್ರಯೋಗಗಳಲ್ಲಿ ಕಂಡಿತು. 1995ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 151 ಸೊಂಟನೋವಿನ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ನಿಜವಾದ ಎಳೆತಕ್ಕೂ ತೋರಿಕೆಯ ಎಳೆತಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 32 ಪ್ರಯೋಗಗಳನ್ನು ಪರಿಶೀಲಿಸಿದ 2013ರ ಕಾಕ್ರೇನ್ ವರದಿಯೂ ಸೊಂಟನೋವಿಗೆ ಪ್ರಯೋಜನ ಅತ್ಯಲ್ಪ ಅಥವಾ ಇಲ್ಲವೆಂದಿತು. ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವು, ಸಯಾಟಿಕಾಗಳಿಗೆ ಟ್ರ್ಯಾಕ್ಷನ್ ಕೊಡಬಾರದೆಂದು ಹೇಳಿದೆ. ಮೂಳೆಸವೆತ, ಮೂಳೆಮುರಿತ, ಬೆನ್ನುಮೂಳೆಯ ಗೆಡ್ಡೆ ಅಥವಾ ಸೋಂಕು ಇರುವವರಿಗೂ ಗರ್ಭಿಣಿಯರಿಗೂ ಇದು ಸಲ್ಲದು.