ಹುಲ್ಲು ಹಿಡಿದಿಟ್ಟ ಹಳಿಗಳು: ತಾಲಿಲಿನ್ ರೈಲಿನ ಕಥೆ

ಲಾಭ ತರದ, ಹಳಿ ಸವೆದ, ಸರಕಾರವೂ ಕೈಗೆ ತೆಗೆದುಕೊಳ್ಳದ ಒಂದು ರೈಲುಮಾರ್ಗವನ್ನು ಸಂಬಳವಿಲ್ಲದೆ ದುಡಿಯುವ ಜನ ನಡೆಸಬಲ್ಲರೆ? ನಡೆಸಬಲ್ಲರು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಒಂದು ಪುಟ್ಟ ರೈಲು. ಅದರ ಹೆಸರು ತಾಲಿಲಿನ್.

ಈ ರೈಲಿನ ಹುಟ್ಟಿಗೆ ಕಾರಣ ಎಲ್ಲೋ ದೂರದ ಒಂದು ಯುದ್ಧ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿಯ ಪೂರೈಕೆ ಕುಸಿಯಿತು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಲ್ಲಿ ಕೆಲವರು ತಮ್ಮ ಬಂಡವಾಳಕ್ಕೆ ಬೇರೆ ದಾರಿ ಹುಡುಕಿದರು. ಮೆಕಾನೆಲ್ ಕುಟುಂಬದವರು ವೇಲ್ಸಿನ ಬ್ರಿನ್ ಎಗ್ಲೂಯಿಸ್ ಎಂಬಲ್ಲಿನ ಸ್ಲೇಟು ಕಲ್ಲಿನ ಗಣಿಯಲ್ಲಿ ಹಣ ಹೂಡಿದರು. ಮನೆಗಳ ಚಾವಣಿಗೆ ಹೊದಿಸುವ ಈ ಕಲ್ಲನ್ನು ಬೆಟ್ಟದಿಂದ ಕಡಲತೀರದ ಟವಿನ್ ಊರಿಗೆ ಇಳಿಸಲು ರೈಲು ಬೇಕಾಯಿತು. 1865ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಅನುಮತಿ ದೊರೆಯಿತು. ಹಳಿಗಳ ನಡುವಿನ ಅಂತರ ಕೇವಲ 686 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜಿನ ಅಂತರ 1676 ಮಿಲಿಮೀಟರ್ ಎಂಬುದನ್ನು ನೆನೆದರೆ ಅದೆಷ್ಟು ಕಿರಿದು ಎಂದು ತಿಳಿದೀತು. ಎಂಜಿನ್ನುಗಳು ಎರಡೇ: 1864ರ ‘ತಾಲಿಲಿನ್’ ಮತ್ತು 1866ರ ‘ಡೊಲ್ಗೋಕ್’.

1911ರಲ್ಲಿ ಗಣಿ ಮತ್ತು ರೈಲು ಎರಡನ್ನೂ ಪಾರ್ಲಿಮೆಂಟ್ ಸದಸ್ಯ ಹೇಡನ್ ಜೋನ್ಸ್ ಕೊಂಡರು. 1946ರ ಕೊನೆಯಲ್ಲಿ ಗಣಿಯ ಒಂದು ಭಾಗ ಕುಸಿದು ಕೆಲಸ ನಿಂತಿತು. 1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರೀಕರಣಗೊಂಡಾಗ ಈ ಮಾರ್ಗದ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಆದರೂ ತಾವು ಬದುಕಿರುವವರೆಗೆ ರೈಲು ಓಡುತ್ತದೆ ಎಂದು ಹೇಡನ್ ಜೋನ್ಸ್ ಮಾತು ಕೊಟ್ಟಿದ್ದರು, ಹಾಗೆಯೇ ಓಡಿಸಿದರು. 1950ರ ಜುಲೈ ತಿಂಗಳಲ್ಲಿ ಅವರು ತೀರಿಕೊಂಡರು. ಮುಂದೇನು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಟಾಮ್ ರೋಲ್ಟ್. ಇವರು ಎಂಜಿನಿಯರ್, ಜೊತೆಗೆ ಲೇಖಕ. ಬ್ರಿಟನ್ನಿನ ಹಳೆಯ ಕಾಲುವೆಗಳ ಉಳಿವಿಗೂ ದುಡಿದವರು. 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಆಸಕ್ತರ ಸಭೆ ಸೇರಿತು. ಸಂರಕ್ಷಣಾ ಸಂಘವೊಂದು ರೂಪುಗೊಂಡಿತು. ಹೇಡನ್ ಜೋನ್ಸರ ಪತ್ನಿ ಸಹಕರಿಸಿದರು. 1951ರ ಮೇ 14ರಂದು ಸಂಘದ ಆಡಳಿತದಲ್ಲಿ ಮೊದಲ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿಕೊಂಡು ನಡೆಸಿದ ಜಗತ್ತಿನ ಮೊದಲ ರೈಲುಮಾರ್ಗ ಇದೇ.

ಉತ್ಸಾಹವೇನೋ ಇತ್ತು, ಆದರೆ ಉತ್ಸಾಹದ ಮೇಲೆ ರೈಲು ಓಡುವುದಿಲ್ಲವಲ್ಲ! ‘ತಾಲಿಲಿನ್’ ಕೆಲವು ವರ್ಷಗಳ ಹಿಂದೆಯೇ ಕೆಟ್ಟು ಮೂಲೆ ಸೇರಿತ್ತು. 85 ವರ್ಷ ದುಡಿದು ಸವೆದ ‘ಡೊಲ್ಗೋಕ್’ ಒಂದೇ ಆಧಾರ. ಮರದ ಸ್ಲೀಪರುಗಳು ಕೊಳೆತುಹೋಗಿದ್ದವು. ಎಷ್ಟೋ ಕಡೆ ಹಳಿಗಳು ಕದಲದಂತೆ ಹಿಡಿದಿಟ್ಟಿದ್ದದ್ದು ಸುತ್ತ ದಟ್ಟವಾಗಿ ಬೆಳೆದ ಹುಲ್ಲಿನ ಬೇರು.

ಹತ್ತಿರದಲ್ಲೇ, 1948ರಲ್ಲಿ ಮುಚ್ಚಿಹೋದ ಕೋರಿಸ್ ರೈಲ್ವೆಯ ಎರಡು ಎಂಜಿನ್ನುಗಳು ನಿಂತಿದ್ದವು. ಅವುಗಳ ಗೇಜೂ ಅಷ್ಟೇ. ಸಂಘ ಅವನ್ನು ತಲಾ 25 ಪೌಂಡಿಗೆ ಕೊಂಡಿತು. ಇಲ್ಲೊಂದು ಪಾಠ ಕಾದಿತ್ತು. ಇವುಗಳಲ್ಲಿ ಮೂರನೆಯ ನಂಬರಿನ ಎಂಜಿನ್ನಿನ ಚಕ್ರಪಟ್ಟಿ ಕಡಿಮೆ ಅಗಲದ್ದು. ಕೊಳೆತ ಸ್ಲೀಪರುಗಳ ಮೇಲೆ ಹಳಿಗಳು ಹೊರಕ್ಕೆ ಸರಿದು ಅಂತರ ಹೆಚ್ಚಾಗಿತ್ತು. ಅಗಲ ಚಕ್ರದ ‘ಡೊಲ್ಗೋಕ್’ ಹೇಗೋ ದಾಟುತ್ತಿದ್ದ ಜಾಗದಲ್ಲಿ ಹೊಸ ಎಂಜಿನ್ನು ಎರಡು ಹಳಿಗಳ ನಡುವೆ ಕುಸಿಯಿತು. ಎಂಜಿನ್ನಿಗಿಂತ ಮೊದಲು ಹಳಿ ಸರಿಯಾಗಬೇಕು ಎಂಬುದು ಎಲ್ಲರಿಗೂ ಮನದಟ್ಟಾಯಿತು. ನಾಲ್ಕನೆಯ ನಂಬರಿನದನ್ನು ಹನ್ಸ್‌ಲೆಟ್ ಕಂಪನಿಯ ಮುಖ್ಯಸ್ಥರು ತಮ್ಮ ಕಾರ್ಖಾನೆಯಲ್ಲಿ ಪುಕ್ಕಟೆಯಾಗಿ ದುರಸ್ತಿ ಮಾಡಿಸಿಕೊಟ್ಟರು. 1952ರಲ್ಲಿ ಅದು ಓಡತೊಡಗಿತು.

ಉಗಿ ಎಂಜಿನ್ನನ್ನು ನಡೆಸುವುದು ಗುಂಡಿ ಒತ್ತುವ ಕೆಲಸವಲ್ಲ. ನೀರು ಉಗಿಯಾದಾಗ, ವಾಯುಮಂಡಲದ ಒತ್ತಡದಲ್ಲಿ, ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವ ಶಕ್ತಿಯನ್ನು ಬಾಯ್ಲರಿನೊಳಗೆ ಬಂಧಿಸಿ, ಬೇಕಾದಷ್ಟೇ ಸಿಲಿಂಡರಿಗೆ ಬಿಡಬೇಕು. ಬೆಂಕಿಗೂಡಿನ ಮೇಲ್ಛಾವಣಿಯ ಮೇಲೆ ಸದಾ ನೀರು ನಿಂತಿರಬೇಕು. ನೀರು ಇಳಿದರೆ ಲೋಹ ಕಾದು ಮೆತ್ತಗಾಗಿ ಒಡೆಯಬಹುದು. ಅದಕ್ಕೆಂದೇ ಅಲ್ಲಿ ಸೀಸದ ತಿರುಳಿರುವ ಬೆಣೆಯೊಂದನ್ನು ಕೂರಿಸಿರುತ್ತಾರೆ. ನೀರು ತಗ್ಗಿದರೆ ಸೀಸ ಕರಗಿ, ಉಗಿ ಬೆಂಕಿಗೂಡಿಗೆ ನುಗ್ಗಿ ಎಚ್ಚರಿಸುತ್ತದೆ. ದುರಸ್ತಿಯಾದ ಬಾಯ್ಲರನ್ನು ಮೊದಲು ತಣ್ಣೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ನೀರು ಉಗಿಯಂತೆ ಕುಗ್ಗಿ ಶಕ್ತಿಯನ್ನು ಕೂಡಿಡುವುದಿಲ್ಲ; ಆದ್ದರಿಂದ ದೋಷವಿದ್ದರೂ ಸ್ಫೋಟವಾಗದೆ ಸೋರಿಕೆಯಷ್ಟೇ ಕಾಣುತ್ತದೆ.

ಆದ್ದರಿಂದಲೇ ಇಂಥ ರೈಲುಗಳಲ್ಲಿ ಸ್ವಯಂಸೇವಕನಿಗೂ ರಿಯಾಯಿತಿಯಿಲ್ಲ. ಮೊದಲು ಎಂಜಿನ್ನು ಒರೆಸಿ ಶುಚಿಗೊಳಿಸುವ ಕೆಲಸ, ಆಮೇಲೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಕೆಲಸ, ವರ್ಷಗಳ ಅಭ್ಯಾಸ ಮತ್ತು ಪರೀಕ್ಷೆಯ ನಂತರವೇ ಚಾಲಕನ ಸ್ಥಾನ. ವಾರವೆಲ್ಲ ಕಚೇರಿಯಲ್ಲೋ ಶಾಲೆಯಲ್ಲೋ ದುಡಿದವರು ಭಾನುವಾರ ಮಸಿ ಮೆತ್ತಿಕೊಂಡು ಬೆಂಕಿಯ ಮುಂದೆ ನಿಲ್ಲುತ್ತಾರೆ. ಪ್ರಯಾಣಿಕನ ಪ್ರಾಣಕ್ಕೆ ಸಂಬಳದವನು ಸಂಬಳವಿಲ್ಲದವನು ಎಂಬ ಭೇದವಿಲ್ಲ ತಾನೆ?

‘ತಾಲಿಲಿನ್’ 1958ರಲ್ಲಿ ಹೊಸದಾಗಿ ಕಟ್ಟಿದಂತಾಗಿ ಮರಳಿತು, ‘ಡೊಲ್ಗೋಕ್’ 1963ರಲ್ಲಿ. ಇಬ್ಬರ ಮೈಯಲ್ಲೂ ಹಳೆಯ ಭಾಗಗಳ ಜಾಗಕ್ಕೆ ಎಷ್ಟೋ ಹೊಸವು ಬಂದಿವೆ. ಹಾಗಾದರೆ ಉಳಿದದ್ದು ಹಳೆಯ ಎಂಜಿನ್ನೇ ಹೌದೇ? ಇತಿಹಾಸದ ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆ ಇದು. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನ್ನು ತನ್ನ ಲೋಹವನ್ನು ಕಾಪಾಡಿಕೊಳ್ಳುತ್ತದೆ. ಓಡುವ ಎಂಜಿನ್ನು ಲೋಹವನ್ನು ಸವೆಸಿ ವಿದ್ಯೆಯನ್ನು ಕಾಪಾಡುತ್ತದೆ. ರಿವೆಟ್ ಬಡಿಯುವ ಕೈ, ಬೆಂಕಿಯ ಬಣ್ಣ ಓದುವ ಕಣ್ಣು ಪುಸ್ತಕದಲ್ಲಿ ಉಳಿಯುವುದಿಲ್ಲ. ನಮ್ಮ ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ತಯಾರಿಕೆಯನ್ನು 1972ರಲ್ಲೇ ನಿಲ್ಲಿಸಿತು. ಆ ಕೈಗಳ ಅರಿವನ್ನು ಯಾರು ಕಲಿತಿಟ್ಟುಕೊಂಡಿದ್ದಾರೆ ಎಂದು ನಾವೂ ಕೇಳಿಕೊಳ್ಳಬೇಕು.

ತಾಲಿಲಿನ್ ಮಾದರಿಯಾಯಿತು. ಬ್ರಿಟನ್ನಿನ ಉದ್ದಗಲಕ್ಕೂ ಇಂಥ ಸಂಘಗಳು ಹುಟ್ಟಿದವು. ಇಲ್ಲಿ ಸ್ವಯಂಸೇವಕ ಗಾರ್ಡ್ ಆಗಿದ್ದ ಪಾದ್ರಿ ಆಡ್ರಿ ತಮ್ಮ ಪ್ರಸಿದ್ಧ ಮಕ್ಕಳ ರೈಲು ಕಥೆಗಳಲ್ಲಿ ಈ ಎಂಜಿನ್ನುಗಳಿಗೂ ಪಾತ್ರ ಕೊಟ್ಟರು. 1976ರಲ್ಲಿ ಮಾರ್ಗ ನಾಂಟ್ ಗ್ವೆರ್ನಾಲ್‌ವರೆಗೆ ಬೆಳೆದು ಸುಮಾರು 11.7 ಕಿಲೋಮೀಟರ್ ಆಯಿತು. 2021ರಲ್ಲಿ ವಾಯವ್ಯ ವೇಲ್ಸಿನ ಸ್ಲೇಟು ಗಣಿಪ್ರದೇಶವನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದಾಗ ಈ ರೈಲೂ ಅದರಲ್ಲಿ ಸೇರಿತು.

ಕಷ್ಟಗಳು ಮುಗಿದಿಲ್ಲ. ಉಗಿ ರೈಲುಗಳಿಗೆ ಕಲ್ಲಿದ್ದಲು ಕೊಡುತ್ತಿದ್ದ ವೇಲ್ಸಿನ ದೊಡ್ಡ ತೆರೆದ ಗಣಿ 2023ರಲ್ಲಿ ಮುಚ್ಚಿತು. ಸರಿಯಾದ ಇಂಧನ ಹೊಂದಿಸುವುದೇ ಈಗ ಚಿಂತೆ. 1951ರಲ್ಲಿ ಕೊಳೆತ ಸ್ಲೀಪರು, ಇಂದು ಕಲ್ಲಿದ್ದಲು. ಪರಂಪರೆಯನ್ನು ಉಳಿಸುವುದೆಂದರೆ ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ. ಪ್ರತಿ ತಲೆಮಾರೂ ತನ್ನ ಸರದಿಯಲ್ಲಿ ಒಲೆ ಹೊತ್ತಿಸಬೇಕು.