ಕೃತಕ ಬುದ್ಧಿಮತ್ತೆಯ ಅನ್ವಯಿಕ ಸಂಶೋಧನೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆ

ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಮಲಪ್ರಭೆಯ ಸೀಮೆಗೆ ಸೇರಿದವು. ಹತ್ತಿ, ಬಿಳಿಜೋಳ, ಕಡಲೆ, ಗೋವಿನಜೋಳ ಇಲ್ಲಿನ ಬೆಳೆಗಳು. ಬೈಲಹೊಂಗಲ ಹತ್ತಿ ಪೇಟೆಗೆ ಹೆಸರಾದ ಊರು. ಕೃತಕ ಬುದ್ಧಿಮತ್ತೆಯನ್ನು ಬೇಸಾಯ, ಭಾಷೆ, ವೈದ್ಯಕೀಯಗಳಿಗೆ ಅನ್ವಯಿಸಿದ ಉನ್ನತ ಶಿಕ್ಷಣ ಸಂಸ್ಥೆಗಳು ಸುತ್ತಲಿನ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆಗಳಲ್ಲಿವೆ. ಅವುಗಳ ಕೆಲಸಕ್ಕೆ ಬೇಕಾದ ಬೆಳೆ, ಮಾತು, ಬಸಿರು–ಬಾಣಂತನದ ದಾಖಲೆ ಹುಟ್ಟುವುದು ಇಂಥ ತಾಲ್ಲೂಕುಗಳಲ್ಲಿ. ಆದ್ದರಿಂದ ಈ ಸೀಮೆಯ ಚರಿತ್ರೆಯನ್ನು ಪ್ರಯೋಗಾಲಯಗಳ ಹೆಸರಿನಿಂದಷ್ಟೇ ಬರೆದರೆ ಅರ್ಧ ಭಾಗ ಬಿಟ್ಟುಹೋಗುತ್ತದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಯೋಜನೆಯನ್ನು ಆರಂಭಿಸಿತು. ಅದರ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅದೇ ಸಂಸ್ಥೆಯ ಟಿ.ವಿ. ಅಶ್ವಿನ್ ಮತ್ತು ಪಿ.ಎಸ್. ಶಾಸ್ತ್ರಿ ಮುದ್ರಿತ ಕನ್ನಡ ಅಕ್ಷರಗಳನ್ನು ಗುರುತಿಸುವ ವ್ಯವಸ್ಥೆಯನ್ನು 2002ರಲ್ಲಿ ‘ಸಾಧನಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಕ್ಷರದ ಗಾತ್ರ, ಅಚ್ಚಿನ ಬಗೆ ಬದಲಾದರೂ ಓದಬಲ್ಲ ವ್ಯವಸ್ಥೆ ಅದು.

ಉತ್ತರ ಕರ್ನಾಟಕದಲ್ಲಿ ಈ ಸಂಶೋಧನೆ ಯಾವಾಗ ಮೊದಲಾಯಿತು ಎಂಬಲ್ಲಿ ಗೊಂದಲವಿದೆ. ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರನ್ನೇ ಹುಡುಕಿ ಹೊರಟವರಿಗೆ, 2015ರಲ್ಲಿ ಧಾರವಾಡಕ್ಕೆ ಐಐಐಟಿ, 2016ರಲ್ಲಿ ಐಐಟಿ ಬಂದ ಮೇಲೆ ಎಲ್ಲ ಶುರುವಾದಂತೆ ತೋರುತ್ತದೆ. ಅದಕ್ಕೂ ಹಿಂದಿನ ಕೆಲಸ ‘ಇಮೇಜ್ ಪ್ರೊಸೆಸಿಂಗ್’, ‘ವಿನ್ಯಾಸ ಗುರುತಿಸುವಿಕೆ’, ‘ನರಜಾಲ’ ಎಂಬ ತಲೆಬರಹಗಳ ಕೆಳಗೆ ಅಡಗಿದೆ. ಬಾಗಲಕೋಟೆ, ಹುಬ್ಬಳ್ಳಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದುಡಿದ ಬಸವರಾಜ ಅನಾಮಿ ಮತ್ತು ಸಹಲೇಖಕರು ಈ ಶತಮಾನದ ಮೊದಲ ದಶಕದಲ್ಲೇ ರಾಶಿ ಕಾಳಿನ ಚಿತ್ರ ನೋಡಿ ಧಾನ್ಯ ಯಾವುದೆಂದು ಹೇಳುವ ವಿಧಾನಗಳನ್ನು ಪ್ರಕಟಿಸಿದ್ದರು. ಕಾಳಿನಲ್ಲಿ ಬೆರೆತ ಪರಕೀಯ ವಸ್ತುಗಳು ಈ ಗುರುತಿಸುವಿಕೆಯನ್ನು ಎಷ್ಟು ಕೆಡಿಸುತ್ತವೆ ಎಂಬುದನ್ನೂ ಅವರು 2009ರ ಲೇಖನವೊಂದರಲ್ಲಿ ಪರೀಕ್ಷಿಸಿದರು. ಪೇಟೆಯಲ್ಲಿ ಹಿಡಿ ಕಾಳು ಅಂಗೈಗೆ ಹಾಕಿಕೊಂಡು ಮಾಲಿನ ದರ್ಜೆ ಹೇಳುವವರ ಕಣ್ಣಿನ ಕೆಲಸವನ್ನು ಯಂತ್ರಕ್ಕೆ ಕಲಿಸುವ ಯತ್ನ ಇದು. ಧಾರವಾಡದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜಿನ ಜಗದೀಶ ಪೂಜಾರಿ ಮತ್ತು ಸಂಗಡಿಗರು 2015ರಲ್ಲಿ ಹಣ್ಣು, ತರಕಾರಿ, ಏಕದಳ ಧಾನ್ಯ, ವಾಣಿಜ್ಯ ಬೆಳೆಗಳಿಗೆ ತಗಲುವ ಶಿಲೀಂಧ್ರ ರೋಗಗಳನ್ನು ಚಿತ್ರದಿಂದ ಪತ್ತೆಮಾಡುವ ಅಧ್ಯಯನ ಹೊರತಂದರು. ಇವನ್ನು ಕೃತಕ ಬುದ್ಧಿಮತ್ತೆಯ ಲೆಕ್ಕದಿಂದ ಹೊರಗಿಡಲು ಹೆಸರಿನ ಹೊರತು ಬೇರೆ ಕಾರಣ ಕಾಣದು.

ಈ ಸೀಮೆಯ ಮಟ್ಟಿಗೆ ನಿಜವಾದ ತಿರುವು ಬಂದದ್ದು ಮಾತಿನ ಕ್ಷೇತ್ರದಲ್ಲಿ. ರೈತ ಫೋನ್ ಮಾಡಿ ಊರಿನ, ಮಾಲಿನ ಹೆಸರು ಹೇಳಿದರೆ ಪೇಟೆ ಧಾರಣೆ ತಿಳಿಸುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರದ ನೆರವಿನಿಂದ ಹಲವು ಸಂಸ್ಥೆಗಳು ಕೂಡಿ ಕಟ್ಟಿದವು. ಮೊದಲ ಹಂತದ ಆರು ಭಾಷೆಗಳು ಹಿಂದಿ, ಮರಾಠಿ, ಬಂಗಾಳಿ, ಅಸ್ಸಾಮಿ, ತಮಿಳು, ತೆಲುಗು. ಕನ್ನಡ ಅದರಲ್ಲಿ ಇರಲಿಲ್ಲ. ಕನ್ನಡದ ವ್ಯವಸ್ಥೆಯನ್ನು ಬೆಳೆಸಿದವರು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯ ಜಿ. ತಿಮ್ಮರಾಜ ಯಾದವ ಮತ್ತು ಎಚ್.ಎಸ್. ಜಯಣ್ಣ; ಅವರ ಲೇಖನ 2017ರಲ್ಲಿ ಪ್ರಕಟವಾಯಿತು. ಕರ್ನಾಟಕದ ಬೇರೆ ಬೇರೆ ಆಡುನುಡಿ ಪ್ರದೇಶಗಳ ರೈತರ ದನಿಯನ್ನು ಅವರು ಫೋನಿನ ಮೂಲಕವೇ ಸಂಗ್ರಹಿಸಿದರು. ಧಾರಣೆ ಬರುತ್ತಿದ್ದುದು ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ಜಾಲತಾಣ ಅಗ್‌ಮಾರ್ಕ್‌ನೆಟ್‌ನಿಂದ.

ಕೆಲಸದ ಕಷ್ಟವೆಲ್ಲ ಗದ್ದಲ ಮತ್ತು ಉಚ್ಚಾರದಲ್ಲಿತ್ತು. ಹೊಲದಲ್ಲೋ ರಸ್ತೆ ಬದಿಯಲ್ಲೋ ನಿಂತು ಆಡಿದ ಮಾತಿನಲ್ಲಿ ಗಾಳಿ, ವಾಹನ, ಅಕ್ಕಪಕ್ಕದವರ ದನಿ ಸೇರಿಕೊಳ್ಳುತ್ತದೆ. ಗುರುತಿಸುವ ಮೊದಲೇ ಅದನ್ನು ತಗ್ಗಿಸುವ ಹಂತವೊಂದನ್ನು ಇವರು ಸೇರಿಸಿದರು, ಪ್ರತ್ಯೇಕ ಲೇಖನಗಳಲ್ಲಿ ಅದನ್ನೇ ಚರ್ಚಿಸಿದರು. ಉಚ್ಚಾರದ ತೊಡಕು ಬೆಳಗಾವಿ–ಧಾರವಾಡದ ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಬರಹದ ಎಕಾರಾಂತ ಪದ ಇಲ್ಲಿನ ಬಾಯಲ್ಲಿ ಇಕಾರಾಂತ: ಕಡಲೆ ‘ಕಡ್ಲಿ’, ಧಾರಣೆ ‘ಧಾರಣಿ’, ಮಳೆ ‘ಮಳಿ’. ತುಮಕೂರಿನವರ ಕಡಲೆಕಾಯಿ ಇಲ್ಲಿ ಶೇಂಗಾ, ಮುಸುಕಿನ ಜೋಳ ಇಲ್ಲಿ ಗೋವಿನಜೋಳ. ಸವದತ್ತಿಯನ್ನೇ ಸೌದತ್ತಿ, ಸೌಂದತ್ತಿ ಎಂದೂ ಕರೆಯುತ್ತಾರೆ. ಪದಕೋಶದಲ್ಲಿ ಒಂದೇ ರೂಪ ಇದ್ದರೆ ಬೈಲಹೊಂಗಲ ಪೇಟೆಯ ಧಾರಣೆ ಕೇಳಿದವನಿಗೆ ಬೇರೆ ಊರಿನ, ಬೇರೆ ಮಾಲಿನ ಉತ್ತರ ಬಂದೀತು. ಒಂದು ಪದಕ್ಕೆ ಹಲವು ಉಚ್ಚಾರಗಳನ್ನು ಪಟ್ಟಿಮಾಡುವ ಬೇಸರದ ಕೆಲಸ ಇಲ್ಲಿ ಗಣಿತದಷ್ಟೇ ಮುಖ್ಯ.

ವೈದ್ಯಕೀಯದಲ್ಲಿ ವಿವಾದ ವ್ಯಾಖ್ಯೆಯದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲುಗೊಂಡ ಬಸುರಿಯರ ರಕ್ತದೊತ್ತಡದ ತೊಂದರೆ ಕುರಿತ ‘ಕ್ಲಿಪ್’ ಪ್ರಯೋಗ 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆಯಿತು. ಆಶಾ ಕಾರ್ಯಕರ್ತೆಯರು, ಕಿರಿಯ ಆರೋಗ್ಯ ಸಹಾಯಕಿಯರು ಬಸುರಿಯರ ಮನೆಗೆ ಹೋಗಿ ರಕ್ತದೊತ್ತಡ ಅಳೆದು ಟ್ಯಾಬಿನಲ್ಲಿ ತುಂಬುತ್ತಿದ್ದರು. ಅಪಾಯ ಎಷ್ಟಿದೆ, ಆಸ್ಪತ್ರೆಗೆ ಕಳಿಸಬೇಕೇ ಎಂದು ಅದು ಸೂಚಿಸುತ್ತಿತ್ತು. ಒಳಗಿದ್ದದ್ದು ‘ಮಿನಿಪಿಯರ್ಸ್’ ಎಂಬ ಸಂಖ್ಯಾಶಾಸ್ತ್ರೀಯ ಮಾದರಿ. ಯಂತ್ರ ತಾನೇ ಕಲಿಯುವುದನ್ನಷ್ಟೇ ಕೃತಕ ಬುದ್ಧಿಮತ್ತೆ ಎನ್ನುವವರು ಇದನ್ನು ಒಪ್ಪರು; ದಾಖಲೆಯಿಂದ ಅಪಾಯ ಮುನ್ನಂದಾಜಿಸಿ ಮನೆಬಾಗಿಲಲ್ಲಿ ತೀರ್ಮಾನಕ್ಕೆ ನೆರವಾದ ಸಾಧನವೆಂದು ನೋಡಿದರೆ ಅದಕ್ಕೆ ಈ ಚರಿತ್ರೆಯಲ್ಲಿ ಜಾಗವಿದೆ, ಮತ್ತು ಇರಬೇಕು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಾಯಿ–ಮಗುವಿನ ಸಾವು ಮತ್ತು ತೀವ್ರ ತೊಂದರೆಗಳ ಒಟ್ಟು ಪ್ರಮಾಣ ಇಳಿಯಲಿಲ್ಲ.

ಅದೇ ವರ್ಷ ಬೆಳಗಾವಿಯೂ ಸೇರಿದಂತೆ ಹಲವು ದೇಶಗಳ ಕೇಂದ್ರಗಳಲ್ಲಿ ದಾಖಲಾದ 5 ಲಕ್ಷಕ್ಕೂ ಹೆಚ್ಚು ಬಸಿರುಗಳ ವಿವರಕ್ಕೆ ಯಂತ್ರಕಲಿಕೆಯ ವಿಧಾನಗಳನ್ನು ಹಚ್ಚಿದ ಅಧ್ಯಯನ ಹೊರಬಂತು. ಹೆರಿಗೆಗೆ ಮುಂಚೆ ಶಿಶುಮರಣ ಊಹಿಸುವುದರಲ್ಲಿ ಮಾದರಿಗಳು ದುರ್ಬಲವಾಗಿದ್ದವು. ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಟ್ಟದ್ದು ಹುಟ್ಟಿದ ಕೂಸಿನ ತೂಕ. ಮುನ್ನೆಚ್ಚರಿಕೆ ಬೇಕಾದ ಹೊತ್ತಿನಲ್ಲೇ ಯಂತ್ರದ ಬಳಿ ಹೇಳಲು ಕಡಿಮೆ ಇರುತ್ತದೆಂಬುದು ಗಮನಾರ್ಹ.

ಇತ್ತೀಚಿನ ವರ್ಷಗಳಲ್ಲಿ ಪ್ರಕಟಣೆಗಳ ಸಂಖ್ಯೆ ಹೆಚ್ಚಿದೆ; ತಾಲ್ಲೂಕು ಮಟ್ಟಕ್ಕೆ ಇಳಿದು ನೋಡಬಹುದಾದ ಆಕರಗಳು ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಆಶ್ರಯದ ಕೃತಕ ಬುದ್ಧಿಮತ್ತೆ ಕೇಂದ್ರ ಆರ್ಟ್‌ಪಾರ್ಕ್ ಗೂಗಲ್‌ನ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಎಂಬ ಮಾತು ಸಂಗ್ರಹದ ಯೋಜನೆ ಇದಕ್ಕೆ ಹೊರತು. 2022ರಲ್ಲಿ ಘೋಷಣೆಯಾದ ಈ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ ಸೇರಿವೆ. ಬರೆದುಕೊಟ್ಟ ವಾಕ್ಯ ಓದಿಸುವ ಬದಲು ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿ ಎನ್ನುವುದು ಇದರ ಕ್ರಮ. ಹಾಗಾಗಿ ‘ಧಾರಣಿ’, ‘ಕಡ್ಲಿ’ಯಂಥ ರೂಪಗಳು ತಿದ್ದುಪಡಿಯಿಲ್ಲದೆ ಉಳಿಯಲು ಅವಕಾಶವಿದೆ. ಸಂಗ್ರಹ ಎಲ್ಲರಿಗೂ ತೆರೆದದ್ದು. ಅದು ಜಿಲ್ಲೆಯ ಹೆಸರಿನಲ್ಲಿ ವಿಂಗಡವಾಗಿದ್ದರೂ ಪ್ರತಿ ಧ್ವನಿಮುದ್ರಣದ ಜೊತೆ ಪಿನ್‌ಕೋಡ್ ಕೊಟ್ಟಿರುವುದರಿಂದ, ಮಾತು ಬೈಲಹೊಂಗಲದ ಕಡೆಯದೋ ರಾಮದುರ್ಗದ ಕಡೆಯದೋ ಎಂದು ಬೇರ್ಪಡಿಸಿ ಕೇಳಬಹುದು.