ಅಷ್ಟಮಿಯ ರಜೆ, ಶನಿವಾರದ ಪುನರಾವರ್ತನೆ



ಬನಶಂಕರಿ, ಕತ್ತರಿಗುಪ್ಪೆಯ ಕಡೆ ಓಡಾಡುವವರಿಗೆ 'ವಿದ್ಯಾಪೀಠ' ಎಂಬ ಹೆಸರು ಚಿರಪರಿಚಿತ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಕಚೇರಿಗೆ, ಶಾಲೆಗೆ, ಮಾರುಕಟ್ಟೆಗೆ ಹೋಗುವಾಗ ಆ ವೃತ್ತವನ್ನು ಹಾದುಹೋಗುತ್ತವೆ. ಆದರೆ ಅದು ಯಾವ ವಿದ್ಯಾಪೀಠ, ಅಲ್ಲಿ ಯಾರು ಓದುತ್ತಾರೆ, ಏನನ್ನು ಓದುತ್ತಾರೆ ಎಂದು ಕೇಳಿದರೆ ಉತ್ತರಿಸಬಲ್ಲವರು ನಮ್ಮಲ್ಲಿ ವಿರಳ. ನೆರೆಮನೆಯಲ್ಲಿ ನಡೆಯುವ ಪಾಠವನ್ನು ತಿಳಿದುಕೊಳ್ಳುವುದರಿಂದ ನಮ್ಮ ಮನೆಯ ಪಾಠವೂ ಸ್ಪಷ್ಟವಾಗುತ್ತದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆ ಬಡಾವಣೆಗೆ ಹೆಸರು ಕೊಟ್ಟದ್ದು ಪೂರ್ಣಪ್ರಜ್ಞ ವಿದ್ಯಾಪೀಠ. ಉಡುಪಿಯ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು 1956ರಲ್ಲಿ ಇದನ್ನು ಸ್ಥಾಪಿಸಿದರು. ಆಗ ಅವರಿಗೆ ಇಪ್ಪತ್ತೈದರ ಹರೆಯ. 1931ರಲ್ಲಿ ರಾಮಕುಂಜದಲ್ಲಿ ಜನಿಸಿ, 1938ರಲ್ಲಿ, ಇನ್ನೂ ಬಾಲಕರಾಗಿದ್ದಾಗಲೇ ಸನ್ಯಾಸ ಸ್ವೀಕರಿಸಿದವರು ಅವರು. ಅಂದಿನ ದಕ್ಷಿಣ ಬೆಂಗಳೂರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಜಯನಗರದ ನಿರ್ಮಾಣ 1948ರಲ್ಲಿ ಆರಂಭವಾಗಿತ್ತು. ಬನಶಂಕರಿಯ ಸುತ್ತ ಹಳ್ಳಿ, ತೋಟ, ಹೊಲಗಳೇ ಹೆಚ್ಚು. ಇಂಜಿನಿಯರಿಂಗ್ ಪದವಿಯೂ ಸರ್ಕಾರಿ ನೌಕರಿಯೂ ತಂದೆತಾಯಿಯರ ಕನಸಾಗಿದ್ದ ಕಾಲದಲ್ಲಿ, ಬಾಲಕರನ್ನು ಊಟ ವಸತಿಯೊಡನೆ ಇರಿಸಿಕೊಂಡು ಸಂಸ್ಕೃತವನ್ನೂ ಶಾಸ್ತ್ರಗಳನ್ನೂ ವರ್ಷಗಟ್ಟಲೆ ಕಲಿಸುವ ಗುರುಕುಲವೊಂದು ನಗರದ ಅಂಚಿನಲ್ಲಿ ತಲೆಯೆತ್ತಿತು. ಸಂಸ್ಥಾಪಕರು 2019ರ ಡಿಸೆಂಬರ್ 29ರಂದು ಕಾಲವಾದಾಗ ಅವರ ಬೃಂದಾವನಕ್ಕೆ ಆಯ್ಕೆಯಾದ ಸ್ಥಳವೂ ಇದೇ ವಿದ್ಯಾಪೀಠದ ಆವರಣ. ಮುಂದಿನ ವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು.

ಇಂತಹ ಗುರುಕುಲದ ದಿನಚರಿಯನ್ನು ಊಹಿಸುವುದು ನಮಗೆ ಕಷ್ಟವಲ್ಲ. ಸೂರ್ಯೋದಯಕ್ಕೆ ಮುಂಚೆ ಏಳುವುದು, ಸ್ನಾನ, ಸಂಧ್ಯಾವಂದನೆ, ಪಾಠ, ಪಂಕ್ತಿಯಲ್ಲಿ ಊಟ, ಮತ್ತೆ ಪಾಠ, ಸಂಜೆಯ ಪ್ರಾರ್ಥನೆ. ಗುರುಮಠದಲ್ಲಿ ಕೆಲವು ವರ್ಷ ಕಳೆದ ಯಾರಿಗಾದರೂ ಈ ಕ್ರಮ ತಮ್ಮದೇ ಎನಿಸೀತು. ಆದರೆ ಅವರ 'ವಾರ' ನಮ್ಮ ವಾರವಲ್ಲ. ಸಾಂಪ್ರದಾಯಿಕ ಪಾಠಶಾಲೆಗಳಲ್ಲಿ ರಜೆಯನ್ನು ನಿರ್ಧರಿಸುವುದು ಭಾನುವಾರವಲ್ಲ, ಚಂದ್ರ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಥವಾ ಅಮಾವಾಸ್ಯೆ, ಅದರ ಮರುದಿನದ ಪಾಡ್ಯ, ಇವು ಹೊಸ ಪಾಠಕ್ಕೆ ನಿಷಿದ್ಧವಾದ ದಿನಗಳು. ಇವುಗಳಿಗೆ 'ಅನಧ್ಯಯನ' ಎಂದು ಹೆಸರು. ಈ ಕಟ್ಟಳೆ ಎಷ್ಟು ಹಳೆಯದೆಂದರೆ, ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಕೃಶಳಾದ ಸೀತೆಯನ್ನು ವರ್ಣಿಸುವಾಗ ಹನುಮಂತನು ಪಾಡ್ಯದ ದಿನ ಪಾಠ ಮಾಡುವವನ ವಿದ್ಯೆಗೆ ಅವಳನ್ನು ಹೋಲಿಸುತ್ತಾನೆ. ವಿರಾಮವಿಲ್ಲದೆ ಕಲಿತ ವಿದ್ಯೆ ಸೊರಗುತ್ತದೆ ಎಂಬುದು ಅಂದಿನ ಕೇಳುಗರಿಗೆ ವಿವರಿಸಬೇಕಾದ ಸಂಗತಿಯೇ ಆಗಿರಲಿಲ್ಲ.

ಈಗ ಬೆರಳೆಣಿಸಿ ನೋಡಿ. ಬಿದಿಗೆಯಿಂದ ಸಪ್ತಮಿಯವರೆಗೆ ಆರು ತಿಥಿಗಳ ಪಾಠ, ಅಷ್ಟಮಿಗೆ ವಿಶ್ರಾಂತಿ. ನವಮಿಯಿಂದ ತ್ರಯೋದಶಿಯವರೆಗೆ ಐದು ತಿಥಿಗಳ ಪಾಠ. ಬಳಿಕ ಮೂರು ತಿಥಿಗಳ ಬಿಡುವು. ಆರು ದಿನ ದುಡಿದು ಒಂದು ದಿನ ವಿರಮಿಸುವ ಕ್ರಮವನ್ನು ಪವಿತ್ರ ಗ್ರಂಥದಿಂದ ಕಲಿತ ನಮಗೆ, ಬೇರೊಂದು ದಾರಿಯಿಂದ ಬಂದ ಜನರೂ ಹೆಚ್ಚುಕಡಿಮೆ ಅದೇ ಅಳತೆಗೆ ತಲುಪಿದ್ದು ಕಂಡು ಸಂತೋಷವಾಗಬೇಕು. ಈ ಪಕ್ಷದ ನಡುವೆ ಏಕಾದಶಿಯೂ ಬರುತ್ತದೆ. ಮಾಧ್ವ ಸಂಪ್ರದಾಯದಲ್ಲಿ ಅದು ಕಠಿಣ ಉಪವಾಸದ ದಿನ. ಮರುದಿನ ದ್ವಾದಶಿಯ ಮುಂಜಾನೆ ಪಾರಣೆ. ಹೀಗೆ ಊಟ, ಉಪವಾಸ, ಪಾಠ, ವಿರಾಮಗಳೆಲ್ಲವೂ ಒಂದೇ ಪಂಚಾಂಗಕ್ಕೆ ಹೊಂದಿಕೊಂಡಿರುತ್ತವೆ.

ಅನಧ್ಯಯನವೆಂದರೆ ಸೋಮಾರಿತನವಲ್ಲ. ಹೊಸ ಪಾಠವಿಲ್ಲದ ದಿನ ಹಳೆಯದನ್ನು ಮೆಲುಕು ಹಾಕಲು ಅವಕಾಶ ಸಿಗುತ್ತದೆ. ಶಾಸ್ತ್ರ ಪಾಠದಲ್ಲಿ ಗುರುಗಳು ಹೇಳಿದ್ದನ್ನು ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಕುಳಿತು ಮತ್ತೆ ವಿಚಾರಿಸುವುದಕ್ಕೆ 'ಚಿಂತನೆ' ಎನ್ನುತ್ತಾರೆ. ದೊಡ್ಡವನು ಚಿಕ್ಕವನಿಗೆ ಹೇಳಿಕೊಡುತ್ತಾನೆ. ಚಿಕ್ಕವನ ಪ್ರಶ್ನೆಗೆ ತಡವರಿಸಿದಾಗ ತಾನು ಕಲಿತದ್ದು ಎಷ್ಟೆಂದು ದೊಡ್ಡವನಿಗೆ ತಿಳಿಯುತ್ತದೆ. ಒಂದೇ ಸೂರಿನಡಿ ಬಾಳುವವರಿಗೆ ಮಾತ್ರ ಇದು ಸುಲಭಸಾಧ್ಯ.

ಹಾಗಾದರೆ ಅಲ್ಲಿ ಸಾಧನೆಯನ್ನು ಅಳೆಯುವುದು ಹೇಗೆ? ಕಾವ್ಯ, ವ್ಯಾಕರಣ, ತರ್ಕ, ವೇದಾಂತಗಳ ದೀರ್ಘ ವ್ಯಾಸಂಗದ ಕೊನೆಯಲ್ಲಿ ಬರುವುದು ಜಯತೀರ್ಥರ 'ನ್ಯಾಯಸುಧಾ'. ಮಧ್ವಾಚಾರ್ಯರ 'ಅನುವ್ಯಾಖ್ಯಾನ'ಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ರಚಿತವಾದ ವಿಸ್ತಾರವಾದ ಟೀಕೆ ಅದು. ಅಂತಿಮ ಹಂತದ ವಿದ್ಯಾರ್ಥಿಗಳು ಸ್ವಾಮಿಗಳ ಸಂಚಾರದಲ್ಲಿ ಜೊತೆಗಿದ್ದು, ಅವರಿಂದಲೇ ಅದನ್ನು ಪಾಠ ಹೇಳಿಸಿಕೊಳ್ಳುವುದು ಇಲ್ಲಿನ ವಾಡಿಕೆ. ಪಾಠ ಮುಗಿದಾಗ ನಡೆಯುವ ಸಮಾರಂಭವೇ 'ಸುಧಾಮಂಗಳ'. ನೆರೆದ ವಿದ್ವಾಂಸರ ಸಭೆಯಲ್ಲಿ ವಿದ್ಯಾರ್ಥಿಯು ಗ್ರಂಥದ ವಿಷಯವನ್ನು ಬಾಯ್ದೆರೆಯಾಗಿ ಪ್ರತಿಪಾದಿಸಬೇಕು, ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಇದಲ್ಲದೆ 'ಶಲಾಕಾ ಪರೀಕ್ಷೆ' ಎಂಬ ಪ್ರಾಚೀನ ಪದ್ಧತಿಯೂ ಉಂಟು. ತಾಳೆಗರಿಯ ಕಟ್ಟಿನೊಳಗೆ ಕಡ್ಡಿಯೊಂದನ್ನು ತೂರಿಸಿ, ಅದು ತಾಗಿದ ಗರಿಯಿಂದ ಪಾಠವನ್ನು ಒಪ್ಪಿಸುವಂತೆ ಕೇಳುವುದು ಅದರ ಕ್ರಮ. ಯಾವ ಪುಟ ಬಂದೀತೆಂದು ಮುಂದಾಗಿ ಊಹಿಸಿ ಓದುವ ಜಾಣತನ ಇಲ್ಲಿ ನಡೆಯದು. ಅಖಿಲ ಭಾರತ ಮಟ್ಟದ ಶಾಸ್ತ್ರೀಯ ಸ್ಪರ್ಧೆಗಳಲ್ಲಿ ಶಲಾಕೆ ಇಂದಿಗೂ ಒಂದು ವಿಭಾಗವಾಗಿದೆ.

ಈ ಆವರಣದ ಪೂರ್ಣಪ್ರಜ್ಞ ಸಂಶೋಧನ ಮಂದಿರದೊಡನೆ ಒಡನಾಟವಿದ್ದ ಪ್ರೊಫೆಸರ್ ಡಿ. ಪ್ರಹ್ಲಾದಾಚಾರ್ಯರು ತಿರುಪತಿಯ ರಾಷ್ಟ್ರೀಯ ಸಂಸ್ಕೃತ ವಿದ್ಯಾಪೀಠದ ಕುಲಪತಿಗಳಾದರು. 2017ರಲ್ಲಿ ಸನ್ಯಾಸ ಸ್ವೀಕರಿಸಿ ವ್ಯಾಸರಾಜ ಮಠದ ಪೀಠಾಧಿಪತಿಗಳಾದರು. ಎಲ್ಲ ವಿದ್ಯಾರ್ಥಿಗಳೂ ಇಂತಹ ಎತ್ತರಕ್ಕೆ ಏರುವುದಿಲ್ಲ ನಿಜ. ಆದರೆ ಸಭೆಯ ಮುಂದೆ ಪುಸ್ತಕವಿಲ್ಲದೆ ನಿಂತು, ತಾನು ಅರಿತದ್ದನ್ನು ಹೇಳಿ, ಪ್ರಶ್ನೆಗೆ ಎದೆಗೊಟ್ಟ ಬಾಲಕನಿಗೆ ಆ ದಿನದ ಅನುಭವ ಬಾಳಿನುದ್ದಕ್ಕೂ ಆಸರೆಯಾಗುತ್ತದೆ.

ನಮ್ಮ ಪರಂಪರೆಯಲ್ಲೂ ಇದಕ್ಕೆ ಸರಿಸಾಟಿಯಾದ ಶಿಸ್ತು ಇತ್ತು. ಯೇಸುಸಭೆಯ ಗುರುಗಳು 1599ರಲ್ಲಿ ಹೊರತಂದ 'ರಾಸಿಯೊ ಸ್ತುದಿಯೋರುಮ್' ಎಂಬ ಶಿಕ್ಷಣ ಸಂಹಿತೆಯಲ್ಲಿ ಶನಿವಾರಕ್ಕೆ ವಿಶೇಷ ಸ್ಥಾನವಿದೆ. ವಾರವೆಲ್ಲ ಕಲಿತದ್ದನ್ನು ಅಂದು ಪುನರಾವರ್ತಿಸಬೇಕು. ಮೇಲಿನ ತರಗತಿಯವರು ವಾದ-ಪ್ರತಿವಾದದಲ್ಲಿ ತೊಡಗಬೇಕು. ಜೊತೆಗೆ ವಾರದಲ್ಲಿ ಪಾಠವಿಲ್ಲದ ಬಿಡುವಿನ ವೇಳೆಯೂ ಕಡ್ಡಾಯ. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದವರೂ, 1882ರಲ್ಲಿ ಆರಂಭವಾಗಿದ್ದ ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು 1937ರಲ್ಲಿ ವಹಿಸಿಕೊಂಡವರೂ ಈ ಪರಂಪರೆಗೆ ಸೇರಿದವರೇ. ಇನ್ನೂ ಒಂದು ಸಂಗತಿ ಗಮನಾರ್ಹ. ವಿದ್ಯಾಪೀಠ ಸ್ಥಾಪನೆಯಾದ ಮರುವರ್ಷ, ಅಂದರೆ 1957ರಲ್ಲಿ, ಕೇರಳದ ಚೆತ್ತಿಪುಳದಲ್ಲಿದ್ದ ಸಿಎಂಐ ಸಭೆಯ ವಿದ್ಯಾಭವನ ಬೆಂಗಳೂರಿನ ಹೊಸೂರು ರಸ್ತೆಗೆ ಬಂದು 'ಧರ್ಮಾರಾಮ'ವಾಯಿತು. ನಗರದ ದಕ್ಷಿಣದಲ್ಲಿ ಒಂದು ಕಡೆ ಸಂಸ್ಕೃತದಲ್ಲಿ ತರ್ಕ ಕಲಿಯುವ ಬಾಲಕರು, ಇನ್ನೊಂದು ಕಡೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಕಲಿಯುವ ಯುವಕರು. ಎರಡೂ ಮನೆಗಳಲ್ಲಿ ವಿದ್ಯೆಯೂ ಊಟವೂ ಪ್ರಾರ್ಥನೆಯೂ ಒಂದೇ ಗಂಟೆಯ ಕರೆಗೆ ಓಗೊಡುತ್ತಿದ್ದವು.

ಓದುಗರೇ, ಇನ್ನೊಂದು ಬಗೆಯ ವಾರವನ್ನೂ ನಾವು ಮರೆಯಬಾರದು. ಅದು ಬಡ ವಿದ್ಯಾರ್ಥಿಯ ವಾರ. ವಸತಿಶಾಲೆಯ ಭಾಗ್ಯವಿಲ್ಲದ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ ಎಂದು ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ 'ವಾರಾನ್ನ'ದ ಪದ್ಧತಿ ನಮ್ಮ ನಾಡಿನಲ್ಲಿ ವ್ಯಾಪಕವಾಗಿತ್ತು. ಒಂದು ಮನೆಯವರು ಊರಿಗೆ ಹೋದರೆ ಅಂದು ಹಸಿವು. ಆದರೆ ಈ ಅನ್ನವೂ ಬಹುಪಾಲು ಜಾತಿಯ ಗೆರೆಯೊಳಗೇ ದೊರೆಯುತ್ತಿತ್ತು. ಹಾಗಾಗಿಯೇ ಆ ಗೆರೆಯ ಹೊರಗೆ ನಿಂತವರು ತಮ್ಮ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ಕಟ್ಟಲು ಮುಂದಾದರು. ಗುಬ್ಬಿ ತೋಟದಪ್ಪನವರ ದಾನದ ಸಂಸ್ಥೆ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, ಇವೆಲ್ಲ ಆ ಹಸಿವಿಗೆ ದೊರೆತ ಉತ್ತರಗಳು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿದ್ದ ಯುವಕರೊಬ್ಬರು ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ನೀಡಿದರು. ನಮ್ಮ ಬಸವನಗುಡಿಯಲ್ಲಿ ಡಾ. ಎಚ್. ನರಸಿಂಹಯ್ಯನವರದು ಇನ್ನೊಂದು ಉದಾಹರಣೆ. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದ ಆ ಬಡ ಬಾಲಕ ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನೇ ಮನೆ ಮಾಡಿಕೊಂಡಿದ್ದರು. 2005ರಲ್ಲಿ ನಿಧನರಾದ ಅವರು ದೇವರ ವಿಷಯದಲ್ಲಿ ನಮ್ಮೊಡನೆ ಒಪ್ಪುತ್ತಿರಲಿಲ್ಲ. ಸರಳತೆಯ ವಿಷಯದಲ್ಲಿ ನಮಗೆ ಗುರುವಾಗಬಲ್ಲವರಾಗಿದ್ದರು.

ಇತಿಹಾಸವನ್ನು ಬರೆಯುವವರು ಬಾಗಿಲ ಹೊರಗೆ ನಿಂತವರನ್ನೂ ನೋಡಬೇಕು. ಸಾಂಪ್ರದಾಯಿಕ ಗುರುಕುಲ ಉಪನಯನವಾದ ಬಾಲಕರಿಗಷ್ಟೇ ತೆರೆದಿತ್ತು. ಹೆಣ್ಣುಮಕ್ಕಳಿಗೂ ಇತರ ಜಾತಿಗಳ ಮಕ್ಕಳಿಗೂ ಅಲ್ಲಿ ಸ್ಥಳವಿರಲಿಲ್ಲ. ವಿಶ್ವೇಶತೀರ್ಥರು ದಲಿತ ಕೇರಿಗಳಿಗೆ ಪಾದಯಾತ್ರೆ ಮಾಡಿದ್ದು ಅವರ ವಲಯದಲ್ಲೇ ದೊಡ್ಡ ಚರ್ಚೆಗೆ ಕಾರಣವಾಯಿತೆಂದರೆ ಆ ಗೋಡೆ ಎಷ್ಟು ಎತ್ತರವಿತ್ತೆಂದು ತಿಳಿಯುತ್ತದೆ. ನಾವಾದರೂ ಬೆರಳು ತೋರಿಸುವಷ್ಟು ನಿರ್ದೋಷಿಗಳಲ್ಲ. ದಂಡುಪ್ರದೇಶದ ಕ್ರೈಸ್ತ ಶಾಲೆಗಳಲ್ಲಿ ಯುರೋಪಿಯನ್ನರ ಮಕ್ಕಳು ಬೇರೆ, ಭಾರತೀಯರ ಮಕ್ಕಳು ಬೇರೆ ಎಂಬ ವಿಂಗಡಣೆ ಇತ್ತು. 1904ರಲ್ಲಿ ಪ್ರತ್ಯೇಕವಾದ ಸಂತ ಜೋಸೆಫರ ಶಾಲೆಯ ಹೆಸರಿನಲ್ಲಿ ಇಂದಿಗೂ ಉಳಿದಿರುವ 'ಇಂಡಿಯನ್' ಎಂಬ ಪದ ಅದಕ್ಕೆ ಸಾಕ್ಷಿ. ಹಾಗೆಯೇ, 1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಬಾಗಿಲು ತೆರೆದದ್ದನ್ನು ಕೃತಜ್ಞತೆಯಿಂದ ನೆನೆಯುವುದೂ ನ್ಯಾಯವೇ.

ಇಷ್ಟೆಲ್ಲ ಹೇಳಿದ ಬಳಿಕ ತಂದೆತಾಯಿಯರಲ್ಲಿ ನನ್ನದೊಂದು ಪ್ರಶ್ನೆಯಿದೆ. ಇಂದು ನಮ್ಮ ಬಡಾವಣೆಗಳ ಮಗುವಿನ ವಾರ ಹೇಗಿದೆ? ಶನಿವಾರ ಹೊಸ ಪಾಠ, ಭಾನುವಾರ ಬೆಳಿಗ್ಗೆ ಕೋಚಿಂಗ್ ತರಗತಿ, ಸಂಜೆ ಮಾದರಿ ಪರೀಕ್ಷೆ. ಬಲಿಪೂಜೆಗೆ ಬಂದ ಮಗು ಕೊನೆಯ ಗೀತೆಗೆ ಮೊದಲೇ ಎದ್ದು ಓಡಬೇಕಾದ ಪರಿಸ್ಥಿತಿ. ಅಷ್ಟಮಿಯ ರಜೆಯನ್ನು ನಿಯಮಿಸಿದವರಾಗಲಿ, ಶನಿವಾರವನ್ನು ಪುನರಾವರ್ತನೆಗೆ ಮೀಸಲಿಟ್ಟವರಾಗಲಿ ವಿದ್ಯೆಯನ್ನು ಹಗುರವಾಗಿ ಕಂಡವರಲ್ಲ. ವರ್ಷಾನುಗಟ್ಟಲೆ ಕಠಿಣ ಅಧ್ಯಯನವನ್ನು ಬೇಡುತ್ತಿದ್ದವರೇ ವಿರಾಮವನ್ನೂ ಕಟ್ಟಳೆಯಾಗಿಸಿದರು.

ಮಕ್ಕಳನ್ನು ವಿದ್ಯಾರ್ಥಿನಿಲಯಕ್ಕೆ ಸೇರಿಸುವ ಯೋಚನೆಯಲ್ಲಿರುವವರು ಅಲ್ಲಿನ ಫಲಿತಾಂಶದ ಪಟ್ಟಿಯ ಜೊತೆಗೆ ವಾರದ ವೇಳಾಪಟ್ಟಿಯನ್ನೂ ಕೇಳಿ ನೋಡಿ. ಬಿಡುವು ಎಂದು, ಆಟ ಯಾವಾಗ, ದೊಡ್ಡ ಮಕ್ಕಳು ಚಿಕ್ಕವರೊಡನೆ ಕುಳಿತು ಓದುತ್ತಾರೆಯೇ, ಯಾರ ಮಕ್ಕಳಿಗೆಲ್ಲ ಅಲ್ಲಿ ಪ್ರವೇಶವುಂಟು ಎಂದು ವಿಚಾರಿಸಿ. ಮಕ್ಕಳು ಮನೆಯಲ್ಲೇ ಇರುವವರು ಶನಿವಾರ ಸಂಜೆ ಕಾಲು ಗಂಟೆ ಅವರ ಬಳಿ ಕುಳಿತುಕೊಳ್ಳಿ. ಪುಸ್ತಕ ಮುಚ್ಚಿಟ್ಟು, ಆ ವಾರ ಕಲಿತ ಒಂದು ವಿಷಯವನ್ನು ಅವರ ಮಾತಿನಲ್ಲೇ ಹೇಳಲು ಬಿಡಿ. ತಮ್ಮ ತಂಗಿಯರು ಪ್ರಶ್ನೆ ಕೇಳಲಿ. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅವರ ಚೀಲವನ್ನು ಸೋಮವಾರದವರೆಗೆ ಬಿಚ್ಚಿಸಬೇಡಿ.